ಎನಿವೇರ್ ಐ ಲೇ ಮೈ ಹೆಡ್: ಜೊಹಾನ್ಸನ್ ಕಂಠದಲ್ಲಿ ವೇಟ್ಸ್ ಗೀತೆಗಳು

ಹಾಲಿವುಡ್ ನಟಿ ಸ್ಕಾರ್ಲೆಟ್ ಜೊಹಾನ್ಸನ್ ಅವರ ಪ್ರಥಮ ಆಲ್ಬಂ ‘ಎನಿವೇರ್ ಐ ಲೇ ಮೈ ಹೆಡ್’ 2008ರ ಮೇ ತಿಂಗಳಿನಲ್ಲಿ ಬಿಡುಗಡೆಯಾಯಿತು. ಅದರ 11 ರಚನೆಗಳ ಪೈಕಿ 10, ಅಮೆರಿಕದ ಗಾಯಕ ಟಾಮ್ ವೇಟ್ಸ್ ಅವರವು. ‘ಸಾಂಗ್ ಫಾರ್ ಜೋ’ ಒಂದೇ ಹೊಸದು. ಒಬ್ಬರು ಹಾಡಿ ಪ್ರಕಟಿಸಿದ ಗೀತೆಯನ್ನು ಇನ್ನೊಬ್ಬರು ಮತ್ತೆ ಹಾಡಿ ಮುದ್ರಿಸುವುದನ್ನು ಪಾಶ್ಚಾತ್ಯ ಸಂಗೀತ ವಲಯದಲ್ಲಿ ‘ಕವರ್’ ಎನ್ನುತ್ತಾರೆ.

ತಾರೆಯರು ಹಾಡಲು ಹೊರಟಾಗ ಸಾಮಾನ್ಯವಾಗಿ ಜನಪ್ರಿಯ ಮಧುರ ಗೀತೆಗಳನ್ನೇ ಆಯ್ದುಕೊಳ್ಳುತ್ತಾರೆ. ಜೊಹಾನ್ಸನ್ ಆಯ್ದುಕೊಂಡದ್ದು ಕರ್ಕಶ, ಒಡಕು ಕಂಠಕ್ಕೆ ಹೆಸರಾದ ವೇಟ್ಸ್ ಅವರನ್ನು. ಅದರಲ್ಲೂ 1976ರ ‘ಸ್ಮಾಲ್ ಚೇಂಜ್’ನಿಂದ 2006ರ ‘ಆರ್ಫನ್ಸ್’ವರೆಗಿನ ಆಲ್ಬಂಗಳಿಂದ. ಈ ಧೈರ್ಯವನ್ನು ಮೆಚ್ಚಲೇಬೇಕು.

ಲೂಸಿಯಾನಾ ರಾಜ್ಯದ ಮಾರಿಸ್ ಎಂಬ ಪುಟ್ಟ ಊರಿನ ಡಾಕ್‌ಸೈಡ್ ಸ್ಟುಡಿಯೋದಲ್ಲಿ 2007ರಲ್ಲಿ ಧ್ವನಿಮುದ್ರಣ ನಡೆಯಿತು. ‘ಟಿವಿ ಆನ್ ದ ರೇಡಿಯೋ’ ತಂಡದ ಡೇವಿಡ್ ಸಿಟೆಕ್ ನಿರ್ಮಾಪಕರು. ನಟಿಯ ತಗ್ಗು ಸ್ಥಾಯಿಯ ಕಂಠವನ್ನು ಮುನ್ನೆಲೆಗೆ ತರುವ ಬದಲು ಆರ್ಗನ್, ಗಿಟಾರ್, ಗಂಟೆಗಳ ದಟ್ಟ ನಾದದೊಳಗೆ ಅವರು ತೇಲಿಬಿಟ್ಟರು. ಡೇವಿಡ್ ಬೋವಿ ಎರಡು ಗೀತೆಗಳಿಗೆ ಹಿನ್ನೆಲೆ ಧ್ವನಿ ನೀಡಿದರು. ‘ಫಾಲಿಂಗ್ ಡೌನ್’ ವಿಡಿಯೋದಲ್ಲಿ ಲೇಖಕ ಸಲ್ಮಾನ್ ರಶ್ದಿ ಕಾಣಿಸಿಕೊಂಡರು!

ವಿಮರ್ಶಕರ ಅಭಿಪ್ರಾಯ ಇಬ್ಭಾಗವಾಯಿತು. ವಾದ್ಯಗಳ ಅಬ್ಬರದಲ್ಲಿ ಗಾಯಕಿಯೇ ಮುಳುಗಿದರು ಎಂಬುದು ಮುಖ್ಯ ಆಕ್ಷೇಪ, ಅದು ಅಸತ್ಯವಲ್ಲ. ಆದರೆ ಬ್ರಿಟನ್ನಿನ ಎನ್‌ಎಂಇ ಪತ್ರಿಕೆ ವರ್ಷದ ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದಕ್ಕೆ 23ನೇ ಸ್ಥಾನ ನೀಡಿತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾತ್ರ 126ನೇ ಸ್ಥಾನಕ್ಕಿಂತ ಮೇಲೇರಲಿಲ್ಲ.

ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಒಮ್ಮೆ ಧ್ವನಿಮುದ್ರಿಕೆಯಾಗಿ ಪ್ರಕಟವಾದ ಗೀತೆಯನ್ನು ಮತ್ತೆ ಹಾಡಿ ಮುದ್ರಿಸಲು ರಚನಕಾರರ ಒಪ್ಪಿಗೆ ಕಡ್ಡಾಯವಲ್ಲ; ನಿಗದಿತ ಗೌರವಧನ ತೆತ್ತರೆ ಸಾಕು. 2008ರಲ್ಲಿ ಐದು ನಿಮಿಷದೊಳಗಿನ ಗೀತೆಗೆ ಪ್ರತಿಯೊಂದಕ್ಕೆ 9.1 ಸೆಂಟ್ ದರವಿತ್ತು. ಮೂಲ ರಾಗದ ಸ್ವರೂಪವನ್ನು ಬುಡಮೇಲು ಮಾಡುವಂತಿಲ್ಲ ಎಂಬ ನಿರ್ಬಂಧವೂ ಇದೆ.

ಗೀತೆಗಿರುವ ಈ ಸಡಿಲಿಕೆ ಧ್ವನಿಗೆ ಇಲ್ಲ. ಇದನ್ನು ನ್ಯಾಯಾಲಯದಲ್ಲಿ ಸಾಧಿಸಿ ತೋರಿಸಿದವರಲ್ಲಿ ಸ್ವತಃ ವೇಟ್ಸ್ ಒಬ್ಬರು ಎಂಬುದು ಸ್ವಾರಸ್ಯಕರ. ಡೊರಿಟೋಸ್ ಜಾಹೀರಾತಿನಲ್ಲಿ ತಮ್ಮ ಕಂಠವನ್ನು ಅನುಕರಿಸಲಾಗಿದೆಯೆಂದು ಫ್ರಿಟೊ-ಲೇ ಕಂಪೆನಿಯ ವಿರುದ್ಧ ಅವರು ಹೂಡಿದ ದಾವೆಯಲ್ಲಿ ಜಯ ಅವರದಾಯಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು. 2024ರ ಮೇ ತಿಂಗಳಿನಲ್ಲಿ ಅಂಥದೇ ದೂರು ಜೊಹಾನ್ಸನ್ ಅವರಿಂದ ಬಂತು. ಧ್ವನಿ ನೀಡಲು ತಾವು ನಿರಾಕರಿಸಿದ್ದರೂ ಓಪನ್‌ಎಐ ಸಂಸ್ಥೆಯ ‘ಸ್ಕೈ’ ಎಂಬ ಯಾಂತ್ರಿಕ ಧ್ವನಿ ತಮ್ಮದನ್ನೇ ಹೋಲುತ್ತದೆ ಎಂದು ಅವರು ಆಕ್ಷೇಪಿಸಿದರು. ಅದು ಬೇರೊಬ್ಬ ನಟಿಯ ಧ್ವನಿ ಎಂದು ಸಮರ್ಥಿಸಿಕೊಂಡ ಸಂಸ್ಥೆ, ಅದರ ಬಳಕೆಯನ್ನು ನಿಲ್ಲಿಸಿತು.