ಹರಿಕಥಾಮೃತಸಾರ: ಒಂದು ಲಕ್ಷ ಮಾತ್ರೆಗಳ ತಪಸ್ಸು

ಆದವಾನಿ ಸೀಮೆಯ ನಮ್ಮ ಮನೆಗಳಲ್ಲಿ ಹರಿಕಥಾಮೃತಸಾರದ ಸಂಧಿಗಳನ್ನು ಪುಸ್ತಕ ನೋಡದೆ ಹೇಳಬಲ್ಲ ಹೆಂಗಸರು ಒಂದು ಕಾಲಕ್ಕೆ ಹಲವರಿದ್ದರು. ನನ್ನ ತಾಯಿಯವರು ಮಜ್ಜಿಗೆ ಕಡೆಯುವಾಗ ಕರುಣಾಸಂಧಿಯನ್ನು ಹೇಳಿಕೊಳ್ಳುತ್ತಿದ್ದರು. ಅಷ್ಟು ಸಲೀಸಾಗಿ ಬಾಯಿಗೆ ಬರುವ ಪದ್ಯವನ್ನು ಬರೆದವರೂ ಸಲೀಸಾಗಿಯೇ ಬರೆದಿರಬೇಕೆಂದು ಬಾಲ್ಯದಲ್ಲಿ ನಾನು ಭಾವಿಸಿದ್ದೆ. ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಛಂದಸ್ಸು ಕಲಿಸುವಾಗ ಆ ಸಲೀಸಿನ ಹಿಂದಿರುವ ಶ್ರಮ ಅರಿವಿಗೆ ಬಂತು.

ಕೃತಿಕಾರರಾದ ಜಗನ್ನಾಥದಾಸರು (1728–1809) ಮಾನವಿಯ ಸಮೀಪದ ಬ್ಯಾಗವಾಟದವರು. ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯ. ಮಂತ್ರಾಲಯದಲ್ಲಿ ವರದೇಂದ್ರ ತೀರ್ಥರ ಬಳಿ ಶಾಸ್ತ್ರಾಧ್ಯಯನ ಮಾಡಿದ ಸಂಸ್ಕೃತ ಪಂಡಿತರಾಗಿದ್ದ ಅವರಿಗೆ ಕನ್ನಡದಲ್ಲಿ ಹಾಡುವ ದಾಸರ ಬಗ್ಗೆ ಮೊದಲು ಆದರವಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರು. ನೆಪವೇ ನಿಜವಾದ ವ್ಯಾಧಿಯಾಯಿತು. ಕೊನೆಗೆ ಅದೇ ವಿಜಯದಾಸರಿಗೆ ಶರಣಾಗಿ, ಅವರ ಶಿಷ್ಯ ಗೋಪಾಲದಾಸರಿಂದ ಅನುಗ್ರಹ ಪಡೆದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂಬುದು ದಾಸಭಕ್ತರ ನಂಬಿಕೆ. ಕಥೆಯ ಪವಾಡವನ್ನು ಬದಿಗಿಟ್ಟರೂ ಅದರ ತಿರುಳು ಉಳಿಯುತ್ತದೆ: ಪಾಂಡಿತ್ಯದ ಗರ್ವ ಕರಗಿದ ಮೇಲೆಯೇ ಆ ಪಾಂಡಿತ್ಯ ಕನ್ನಡದ ಹಾಡಾಯಿತು. ಪಂಢರಪುರದಲ್ಲಿ ‘ಜಗನ್ನಾಥವಿಠಲ’ ಅಂಕಿತ ಲಭಿಸಿತು. ಕೀರ್ತನೆಗಳು, ಉಗಾಭೋಗಗಳು, ಹೆಂಗಸರು ಹಾಡಲು ಒಪ್ಪುವ ತತ್ತ್ವಸುವ್ವಾಲಿ ಮುಂತಾದವು ಅವರಿಂದ ಹೊರಟವು.

ಹರಿಕಥಾಮೃತಸಾರದ ಸಂಧಿಗಳು 32, ಪದ್ಯಗಳು ರೂಢಿಯ ಎಣಿಕೆಯಂತೆ 988. ಇಡೀ ಕೃತಿ ಭಾಮಿನೀ ಷಟ್ಪದಿಯಲ್ಲಿದೆ. ಆರು ಸಾಲುಗಳಲ್ಲಿ 1, 2, 4, 5ನೆಯವು ತಲಾ 14 ಮಾತ್ರೆ. 3 ಮತ್ತು 6ನೆಯವು ತಲಾ 23 ಮಾತ್ರೆ. ಮೂರು, ನಾಲ್ಕು, ಮೂರು, ನಾಲ್ಕು ಎಂಬ ನಡೆ ತಪ್ಪುವಂತಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸಕ್ಕೆ ಕೂಡಬೇಕು. ಒಂದು ಪದ್ಯಕ್ಕೆ 102 ಮಾತ್ರೆಯಾದರೆ ಇಡೀ ಕೃತಿಗೆ 1,00,776! ಇಷ್ಟರ ನಡುವೆ ಬಿಂಬೋಪಾಸನೆ, ತಾರತಮ್ಯ, ಪಂಚತನ್ಮಾತ್ರೆಗಳಂಥ ಗಹನ ವಿಷಯಗಳನ್ನು ಶಾಸ್ತ್ರಕ್ಕೆ ಲೋಪ ಬರದಂತೆ ಇಳಿಸಬೇಕು. ಸಂಸ್ಕೃತದ ಪಾರಿಭಾಷಿಕ ಪದವೊಂದು ಲಯಕ್ಕೆ ಒಗ್ಗದಿದ್ದರೆ ಸಾಲನ್ನೇ ಮತ್ತೆ ಕಟ್ಟಬೇಕು. ಒಂದೇ ಒಂದು ಷಟ್ಪದಿ ಬರೆದು ನೋಡಿದವರಿಗೆ ಈ ಮಾತಿನ ಭಾರ ತಿಳಿದೀತು.

ಆದರೂ ದಾಸರು ತಮ್ಮ ಶ್ರಮವನ್ನು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಗುರುಕರುಣೆಯಿಂದ ತಿಳಿದಷ್ಟನ್ನು ಹೇಳುವೆನೆಂಬ ವಿನಯವನ್ನೇ ಪ್ರತಿ ಸಂಧಿಯ ಆರಂಭದ ಪಲ್ಲವಿಯಾಗಿಸಿದರು. ಕೃತಿಯ ಕೊನೆಯಲ್ಲಿ ಸೇರಿಸಿ ಹಾಡುವ ಫಲಸ್ತುತಿ ಶಿಷ್ಯರಾದ ಕರ್ಜಗಿ ದಾಸಪ್ಪನವರದು, ಅಂಕಿತ ‘ಶ್ರೀದವಿಠಲ’. ಕನ್ನಡದ ಈ ಕೃತಿಗೆ ಸಂಕರ್ಷಣ ಒಡೆಯರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಶಾಸ್ತ್ರ ಕನ್ನಡಕ್ಕೆ ಇಳಿದುದಕ್ಕೆ ಸಂಸ್ಕೃತ ಸಲ್ಲಿಸಿದ ಗೌರವವಿದು.

ಗಡಿಯಾಚೆಯ ನಮಗೆ ಈ ಇತಿಹಾಸ ದೂರದ್ದಲ್ಲ. ಮಂತ್ರಾಲಯವೂ ವಿಜಯದಾಸರು ದೇಹವಿಟ್ಟ ಚಿಪ್ಪಗಿರಿಯೂ ಇಂದು ಆಂಧ್ರದಲ್ಲಿವೆ, ಗೋಪಾಲದಾಸರ ಉತ್ತನೂರು ತೆಲಂಗಾಣದ ಗದ್ವಾಲ ಸೀಮೆಯಲ್ಲಿದೆ, ಮಾನವಿ ಕರ್ನಾಟಕದಲ್ಲಿ. ದಾಸರು ನಡೆದಾಡಿದ ಒಂದೇ ಸೀಮೆ ಮೂರು ರಾಜ್ಯಗಳಾಗಿ ಹಂಚಿಹೋಯಿತು, ಹಾಡು ಮಾತ್ರ ಹಂಚಿಹೋಗಲಿಲ್ಲ.

ನನ್ನ ಮೊಮ್ಮಗಳು ಓದುವುದು ತೆಲುಗು ಮಾಧ್ಯಮದಲ್ಲಿ. ಕರುಣಾಸಂಧಿಯನ್ನು ಅವಳು ತೆಲುಗು ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. ಮೊದಲು ಕಂಡಾಗ ನನ್ನ ಮನಸ್ಸಿಗೆ ನೋವಾಯಿತು. ಅವಳು ಹಾಡಿದಾಗ ಬೆರಳೆಣಿಸುತ್ತ ಕೇಳಿದೆ. ಒಂದು ಮಾತ್ರೆಯೂ ತಪ್ಪಲಿಲ್ಲ. ಆದರೆ ಅರ್ಥ ಕೇಳಿದರೆ ಎರಡನೆಯ ಸಾಲಿಗೇ ನಿಂತಳು. ಲಯ ಕಿವಿಯಿಂದ ಬಂದೀತು, ಅರ್ಥಕ್ಕೆ ಭಾಷೆಯನ್ನೇ ಕಲಿಯಬೇಕು. ಆದುದರಿಂದ ಈಗ ಪ್ರತಿ ಭಾನುವಾರ ನಾವಿಬ್ಬರೂ ಕುಳಿತು ಒಂದು ಪದ್ಯ ಓದುತ್ತೇವೆ, ಕನ್ನಡ ಅಕ್ಷರಗಳಲ್ಲಿ. ವಾರಕ್ಕೊಂದರಂತೆ 988 ಪದ್ಯಗಳಿಗೆ ಹತ್ತೊಂಬತ್ತು ವರ್ಷ ಬೇಕು. ನನಗೆ ಅಷ್ಟು ಆಯುಷ್ಯವಿದೆಯೋ ಇಲ್ಲವೋ, ಅವಳಿಗಿದೆ. ಸಂಘದ ಪ್ರತಿ ಮನೆಯಲ್ಲಿಯೂ ಇಂಥದೊಂದು ಭಾನುವಾರ ಆರಂಭವಾಗಲೆಂಬುದು ನನ್ನ ಪ್ರಾರ್ಥನೆ.