ಪಳಗಿಸುವ ಕೈ: ಪ್ರಾಣಿಶಿಕ್ಷಣದ ಇತಿಹಾಸದಲ್ಲಿ ಅಹಿಂಸೆ

ದೀಪಾವಳಿಯ ಬಲಿಪಾಡ್ಯಮಿ ಕಳೆಯಿತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಹೋರಿ ಹಬ್ಬದ ಸಡಗರ ಆರಂಭವಾಗುತ್ತದೆ. ಕುಪ್ಪೇಲೂರಿನ ಸೀಮೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರದ ವಾಚಕರಿಗಾಗಿ ಎರಡು ಮಾತು: ಕೊಬ್ಬರಿಯ ಹಾರ, ಝೂಲ, ಬಣ್ಣಬಣ್ಣದ ಬಲೂನುಗಳಿಂದ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವಿನ ಅಖಾಡದಲ್ಲಿ ಓಡಬಿಡುತ್ತಾರೆ. ತರುಣರು ಅದರ ಮೇಲೆರಗಿ ಕೊಬ್ಬರಿಯನ್ನು ಕಿತ್ತುಕೊಳ್ಳಲು ಹವಣಿಸುತ್ತಾರೆ. ಯಾರ ಕೈಗೂ ಸಿಕ್ಕದೆ ಪಾರಾದ ಹೋರಿಗೆ ಬಹುಮಾನ, ಅದರ ಮನೆತನಕ್ಕೆ ಕೀರ್ತಿ.

ಈ ಹೋರಿಯನ್ನು ಸಾಕುವವರ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಹುರುಳಿ, ಹತ್ತಿಕಾಳು, ಹಿಂಡಿಗಳನ್ನು ತಾವೇ ಮುಂದೆ ನಿಂತು ತಿನ್ನಿಸುತ್ತಾರೆ; ಕೆರೆಯಲ್ಲಿ ಈಜಿಸುತ್ತಾರೆ; ಮಗುವಿಗಿಟ್ಟಂತೆ ಹೆಸರಿಡುತ್ತಾರೆ. ಹೆಸರುವಾಸಿಯಾದ ಹೋರಿ ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆಯೇ ಅಂತ್ಯಕ್ರಿಯೆ ನಡೆಸಿ ಸಮಾಧಿ ಕಟ್ಟಿಸಿದವರೂ ಇದ್ದಾರೆ. ಆದರೂ ಈ ಆಟದ ಹೆಸರು 'ಹೋರಿ ಬೆದರಿಸುವ ಸ್ಪರ್ಧೆ'. ಮನೆಯಂಗಳದಲ್ಲಿ ಕೈಯಿಂದ ಮೇವು ತಿನ್ನುವ ಪ್ರಾಣಿ ಅಖಾಡದಲ್ಲಿ ಕೊಂಬು ಬೀಸುತ್ತದೆ. ಇವುಗಳ ತಿವಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡವರ ಸುದ್ದಿ ಹಲವು ವರ್ಷಗಳಲ್ಲಿ ಬಂದಿದೆ. ಒಂದೇ ಜೀವದಲ್ಲಿ ಈ ಎರಡು ಸ್ವಭಾವಗಳು ಹೇಗೆ ಬಂದವು? ಅದಕ್ಕೆ ಇವನ್ನು ಕಲಿಸಿದವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮನುಷ್ಯನು ಪ್ರಾಣಿಗಳನ್ನು ಪಳಗಿಸಿದ ಇತಿಹಾಸವನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಆಚಾರ್ಯರು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಅವನ್ನೇ ಬೇರೆ ಮಾತುಗಳಲ್ಲಿ ಎಣಿಸುತ್ತದೆ. ಕರ್ಣಾಟಕದ ನೆಲದಲ್ಲಿ ಬಾಳಿದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಅವುಗಳ ಅರ್ಥವನ್ನು ಬಿಡಿಸಿದ್ದಾರೆ. ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ಕಟ್ಟಿಹಾಕುವುದು ಬಂಧ. ಕೋಲು, ಚಾವಟಿಗಳಿಂದ ಹೊಡೆಯುವುದು ವಧ. ಇಲ್ಲಿ ಆ ಪದಕ್ಕೆ ಕೊಲ್ಲುವುದೆಂಬ ಅರ್ಥವಿಲ್ಲ. ಕಿವಿ, ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು ಛೇದ. ನ್ಯಾಯವಾದುದಕ್ಕಿಂತ ಹೆಚ್ಚು ಹೊರೆ ಹೇರುವುದು ಅತಿಭಾರಾರೋಪಣ. ಗೋವು ಮೊದಲಾದವುಗಳನ್ನು ಹಸಿವು ನೀರಡಿಕೆಗಳಿಂದ ಬಾಧಿಸುವುದು ಅನ್ನಪಾನನಿರೋಧ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇದು ಬೇಟೆಗಾರನಿಗಾಗಿಯಾಗಲಿ ಕಟುಕನಿಗಾಗಿಯಾಗಲಿ ಬರೆದುದಲ್ಲ. ಹಟ್ಟಿಯಲ್ಲಿ ದನ ಕಟ್ಟಿಕೊಂಡ, ತಾನು ಯಾರನ್ನೂ ಕೊಲ್ಲುವುದಿಲ್ಲವೆಂಬ ಸಮಾಧಾನದಲ್ಲಿರುವ ಸದ್ಗೃಹಸ್ಥನಿಗಾಗಿ ಬರೆದುದು. ಪ್ರಾಣಿಯನ್ನು ಬಗ್ಗಿಸಲು ಲೋಕದಲ್ಲಿ ಬಳಕೆಯಲ್ಲಿದ್ದ ಉಪಾಯಗಳೆಲ್ಲ ಈ ಐದರಲ್ಲಿ ಅಡಕವಾಗಿವೆ. ಹಗ್ಗ, ಬಾರುಕೋಲು, ಮೂಗುದಾರಕ್ಕಾಗಿ ಚುಚ್ಚಿದ ಮೂಗು, ಭಾರವಾದ ಬಂಡಿ, ಬರಿದಾದ ಗೋದಲಿ: ಪಳಗಿಸುವವನ ಸಾಮಗ್ರಿಯೆಲ್ಲವೂ ಇಲ್ಲಿದೆ. ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 11ನೆಯ ಪ್ರಕರಣವು ಶಿಕ್ಷಾರ್ಹವೆಂದು ಹೇಳುವ ಕೃತ್ಯಗಳಲ್ಲಿಯೂ ಹೊಡೆಯುವುದು, ಅತಿಭಾರ ಹೇರುವುದು, ಅಂಗಚ್ಛೇದ, ಅನುಚಿತ ಬಂಧನ, ಸಾಕಷ್ಟು ಆಹಾರ ನೀರು ಕೊಡದಿರುವುದು ಸೇರಿವೆ ಎಂಬುದು ವಿಚಾರಾರ್ಹ.

ಕರ್ಣಾಟಕದಲ್ಲಿ ಪ್ರಾಣಿವಿದ್ಯೆಯು ಬಹು ಹಿಂದೆಯೇ ಶಾಸ್ತ್ರದ ಗೌರವ ಪಡೆದಿತ್ತು. ಗಂಗವಂಶದ ಇಮ್ಮಡಿ ಶಿವಮಾರನು ಆನೆಗಳನ್ನು ಕುರಿತು 'ಗಜಾಷ್ಟಕ'ವನ್ನು ರಚಿಸಿದನೆಂದು ಪ್ರತೀತಿ. ಚಾಲುಕ್ಯ ವಂಶದ ಜೈನ ರಾಜಪುತ್ರ ಕೀರ್ತಿವರ್ಮನು ದನಗಳ ರೋಗಚಿಕಿತ್ಸೆಯನ್ನು ವಿವರಿಸುವ 'ಗೋವೈದ್ಯ'ವನ್ನು ಕನ್ನಡದಲ್ಲಿಯೇ ಬರೆದನು. ದನಗಳ ನೋವನ್ನು ಗ್ರಂಥಯೋಗ್ಯ ವಿಷಯವೆಂದು ಅರಮನೆಯ ಕುಡಿಯೊಬ್ಬನು ಭಾವಿಸಿದ್ದು ಸಣ್ಣ ಮಾತಲ್ಲ. ಅದೇ ವಂಶದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು (12ನೆಯ ಶತಮಾನ) ಆನೆಗಳನ್ನು ಹಿಡಿಯುವ, ಪೋಷಿಸುವ, ಪಳಗಿಸುವ ಕ್ರಮಗಳನ್ನು ವಿಸ್ತಾರವಾಗಿ ಹೇಳುತ್ತದೆ. ಆದರೆ ಅದೇ ಗ್ರಂಥ ಕೋಳಿ, ಟಗರು, ಕೋಣಗಳ ಕಾಳಗವನ್ನು ರಾಜನ ವಿನೋದಗಳ ಸಾಲಿನಲ್ಲಿ ನಿಲ್ಲಿಸುತ್ತದೆ.

ಪ್ರೀತಿ ಮತ್ತು ಹಿಂಸೆಗಳ ಈ ಸಹವಾಸಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಸುಮಾರು 949–50ರ ಈ ಕಲ್ಲು ಗಂಗರ ಇಮ್ಮಡಿ ಬೂತುಗನಿಂದ ಮಣಲೇರನು ಮೆಚ್ಚಿಗೆಯಾಗಿ ಪಡೆದ 'ಕಾಳಿ' ಎಂಬ ನಾಯಿಯ ಸ್ಮಾರಕ. ಕಾಡುಹಂದಿಯ ಮೇಲೆ ಛೂ ಬಿಟ್ಟಾಗ ನಾಯಿ ಮತ್ತು ಹಂದಿ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಒಡೆಯನ ಪ್ರೀತಿ ನಿಜವಾದುದೇ. ಆದರೆ ಆ ಪ್ರೀತಿ ನಾಯಿಯನ್ನು ಸಾವಿನ ಮುಂದೆ ಒಯ್ದು ನಿಲ್ಲಿಸುವುದನ್ನು ತಡೆಯಲಿಲ್ಲ. ನಮ್ಮ ಹೋರಿಯ ಸಮಾಧಿಯನ್ನೂ ಈ ಕಲ್ಲಿನ ಪಕ್ಕದಲ್ಲಿಟ್ಟು ಯೋಚಿಸಬೇಕು.

ಆನೆಗಳ ವಿಷಯದಲ್ಲಿ ಹಗ್ಗ ಮತ್ತು ಬೆಲ್ಲ ಎರಡೂ ಜೊತೆಜೊತೆಯಾಗಿಯೇ ನಡೆದುಬಂದಿವೆ. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ನನು 1870ರ ದಶಕದಲ್ಲಿ ಆರಂಭಿಸಿದ ಖೆಡ್ಡಾ ಪದ್ಧತಿ 1971ರ ಕಾಕನಕೋಟೆಯ ಖೆಡ್ಡಾದೊಂದಿಗೆ ಮುಗಿಯಿತು. ತರುವಾಯ ಊರಿಗೆ ನುಗ್ಗುವ ಕಾಡಾನೆಗಳನ್ನು ಹಿಡಿದಾಗ ದುಬಾರೆ, ಸಕ್ರೆಬೈಲು ಮುಂತಾದ ಶಿಬಿರಗಳಲ್ಲಿ ದಪ್ಪ ದಿಮ್ಮಿಗಳ 'ಕ್ರಾಲ್' ಎಂಬ ದೊಡ್ಡಿಯಲ್ಲಿ ಕೂಡಿ, ಮಾವುತರು ಕಬ್ಬು, ಬೆಲ್ಲ, ಮುದ್ದೆಗಳನ್ನು ಕೈಯಾರೆ ಕೊಡುತ್ತ ಅವುಗಳ ವಿಶ್ವಾಸವನ್ನು ಗಳಿಸುವ ಕ್ರಮ ನಡೆದುಬಂದಿದೆ. ಬೆಲ್ಲದ ಪಾಲು ದೊಡ್ಡದೇ. ಆದರೆ ಬಂಧವಿಲ್ಲವೆಂದು ಹೇಳುವಂತಿಲ್ಲ.

ಬಹುಮಾನದಿಂದ ಪ್ರಾಣಿ ಕಲಿಯುವ ಬಗೆಯನ್ನು ಪ್ರಯೋಗಗಳಿಂದ ತೋರಿಸಿದ ಹಿರಿಮೆ ಆಧುನಿಕ ಮನೋವಿಜ್ಞಾನದ್ದು. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ, ಬೆಕ್ಕನ್ನು ಪೆಟ್ಟಿಗೆಯಲ್ಲಿರಿಸಿ ಹೊರಗೆ ಆಹಾರವಿಟ್ಟರೆ ಅಗುಳಿ ತೆಗೆಯುವುದನ್ನು ಅದು ಕ್ರಮೇಣ ಕಲಿಯುತ್ತದೆಂದು ತೋರಿಸಿದನು. ಹಿತವಾದ ಫಲ ತರುವ ವರ್ತನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದು ಅವನ ನಿಯಮ. ಸ್ಕಿನ್ನರ್ 1938ರ ತನ್ನ ಗ್ರಂಥದಲ್ಲಿ ಇದನ್ನು ಶಾಸ್ತ್ರವಾಗಿ ಬೆಳೆಸಿದನು. ಅವನ ಶಿಷ್ಯರಾದ ಬ್ರೆಲೆಂಡ್ ದಂಪತಿಗಳು ಅದನ್ನು ಪ್ರಯೋಗಶಾಲೆಯಿಂದ ಹೊರಗೆ ತಂದು ಹಲವು ಜಾತಿಯ ಪ್ರಾಣಿಗಳಿಗೆ ಅನ್ವಯಿಸಿದರು. ಡಾಲ್ಫಿನ್ ತರಬೇತಿಯಲ್ಲಿ ಪಳಗಿದ್ದ ಕ್ಯಾರೆನ್ ಪ್ರಯರ್ ಎಂಬಾಕೆ 1984ರ ತನ್ನ ಪುಸ್ತಕದಿಂದ ಇದನ್ನು ಜನಸಾಮಾನ್ಯರಿಗೆ ತಲುಪಿಸಿದಳು.

ಇದರ ಮರ್ಮ ಸರಳವಾದುದು. ಪ್ರಾಣಿ ಸರಿಯಾದುದನ್ನು ಮಾಡಿದ ಆ ಕ್ಷಣದಲ್ಲಿಯೇ ಅದಕ್ಕೆ ತಿಳಿಯಬೇಕು. ಆದುದರಿಂದ ಸೀಟಿಯೋ 'ಟಿಕ್' ಎಂಬ ಸದ್ದೋ ಗುರುತಾಗಿರುತ್ತದೆ. ಅದರ ಬೆನ್ನಿಗೇ ತಿನಿಸು ಬರುತ್ತದೆ. ದೊಡ್ಡ ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆಯಬೇಕು. ಅಂಜುವ ಪ್ರಾಣಿಗೆ ಅಂಜಿಕೆಯ ವಸ್ತುವನ್ನು ದೂರದಿಂದ, ಅದು ಶಾಂತವಾಗಿರುವಷ್ಟೇ ಅಳತೆಯಲ್ಲಿ ತೋರಿಸಿ, ಶಾಂತಿಗೆ ಬಹುಮಾನವಿತ್ತು, ಬಳಿಕ ಹತ್ತಿರಕ್ಕೆ ತರಬೇಕು. ಈ ದಾರಿಯಲ್ಲಿ ಪ್ರಾಣಿಯು ತಾನಾಗಿಯೇ ಗೊರಸು ಎತ್ತಿಕೊಡುವುದನ್ನೂ, ಸೂಜಿಮದ್ದಿಗೆ ಮೈಯೊಡ್ಡಿ ನಿಲ್ಲುವುದನ್ನೂ ಕಲಿಯುತ್ತದೆ. 1990ರ ದಶಕದ ಆರಂಭದಿಂದ ಅಮೆರಿಕದ ಕೆಲವು ಮೃಗಾಲಯಗಳು ಅಂಕುಶವನ್ನು ಬದಿಗಿಟ್ಟು, ನಡುವೆ ತಡೆಗಂಬಿಯನ್ನಿರಿಸಿ, ಆಕ್ರಮಣಶೀಲವಾದ ಆನೆಗಳನ್ನೂ ಕೇವಲ ಬಹುಮಾನದಿಂದಲೇ ನೋಡಿಕೊಳ್ಳಲು ತೊಡಗಿದವು.

ಒಂಟಿ ಪ್ರಾಣಿಗಿಂತ ಗುಂಪನ್ನು ಸಂಭಾಳಿಸುವುದು ಕಠಿಣ. ಬಲಿಷ್ಠವಾದುದು ದುರ್ಬಲವಾದುದರ ಪಾಲನ್ನು ಕಸಿಯುತ್ತದೆ. ಜಗಳ ಹೊತ್ತಿಕೊಳ್ಳುವುದು ಹೆಚ್ಚಾಗಿ ಮೇವಿನ ಮುಂದೆಯೇ. 2024ರ ಸೆಪ್ಟೆಂಬರ್ 20ರ ರಾತ್ರಿ ಮೈಸೂರು ಅರಮನೆಯ ಆವರಣದಲ್ಲಿ ಆಹಾರದ ವೇಳೆ ದಸರಾ ಆನೆಗಳಾದ ಧನಂಜಯ ಮತ್ತು ಕಂಜನ್‌ಗಳ ನಡುವೆ ಕಲಹ ಹುಟ್ಟಿ, ಒಂದನ್ನೊಂದು ಅಟ್ಟುತ್ತ ರಸ್ತೆಗೇ ಬಂದುಬಿಟ್ಟವು. ಮಾವುತರ ಜಾಣ್ಮೆಯಿಂದ ಯಾರಿಗೂ ಅಪಾಯವಾಗಲಿಲ್ಲ. ಇಂಥ ಕಲಹಕ್ಕೆ ಪರಿಹಾರವನ್ನು ಸೂಚಿಸುವ ಒಂದು ಪ್ರಯೋಗ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಚಿಂಪಾಂಜಿಗಳ ಗುಂಪೊಂದರಲ್ಲಿ ಪ್ರಬಲವಾದ ಗಂಡು ಊಟದ ವೇಳೆ ಉಳಿದವುಗಳ ಮೇಲೆ ಎರಗುತ್ತಿತ್ತು. ಪಾಲಕರು ಅದನ್ನು ದಂಡಿಸಲಿಲ್ಲ. ಉಳಿದವು ತಿನ್ನುವಾಗ ತನ್ನ ಸ್ಥಾನದಲ್ಲಿ ಕುಳಿತಿದ್ದರೆ ಅದಕ್ಕೆ ತಿನಿಸು ಕೊಡುತ್ತ ಬಂದರು. ಅದರ ಆಕ್ರಮಣ ಇಳಿಯಿತು. ಇತರರ ಪಾಲನ್ನು ಬಿಟ್ಟುಕೊಟ್ಟರೆ ತನ್ನ ಪಾಲು ನಷ್ಟವಾಗುವುದಿಲ್ಲವೆಂದು ಬಲಿಷ್ಠ ಜೀವಿ ಅರಿಯಿತು.

ನಮ್ಮ ಗೋಶಾಲೆಗಳಿಗೆ ಇದರಲ್ಲಿ ಪಾಠವಿದೆ. ಹಾಯುವ ದನವನ್ನು ಬಡಿದು ಮೂಲೆಗೆ ಕಟ್ಟುವ ಬದಲು, ಪ್ರತಿಯೊಂದಕ್ಕೂ ಗೊತ್ತಾದ ಜಾಗದಲ್ಲಿ ಬೇರೆ ಬೇರೆ ಗೋದಲಿಯಿರಲಿ. ಹಾಯುವ ದನ ತನ್ನ ಸ್ಥಳದಲ್ಲಿ ನಿಂತ ಮೇಲೆಯೇ ಎಲ್ಲಕ್ಕೂ ಹಿಂಡಿ ಹಂಚಲಿ. ಕೊಂಬಿನ ದನಗಳಿಗೆ ಒಂದರಿಂದೊಂದು ಸರಿದುಕೊಳ್ಳುವಷ್ಟು ವಿಸ್ತಾರವಿರಲಿ. ಗೋವು ಮತ್ತು ಸಿಂಹಿಣಿ ಒಂದೇ ಪಾತ್ರೆಯಲ್ಲಿ ನೀರು ಕುಡಿಯುವ ಚಿತ್ರವನ್ನು ಜಿನಾಲಯಗಳಲ್ಲಿ ನಾವು ಕಂಡಿದ್ದೇವೆ. ಅದು ತೀರ್ಥಂಕರರ ಸಾನ್ನಿಧ್ಯದ ಮಹಿಮೆ. ನಮ್ಮಂಥ ಸಾಮಾನ್ಯರು ಮೊದಲು ಪಾತ್ರೆಗಳ ಸಂಖ್ಯೆಯನ್ನು ಹೆಚ್ಚಿಸುವುದು ಒಳಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬಹುಮಾನವೆಂದ ಮಾತ್ರಕ್ಕೆ ಅದು ಅಹಿಂಸೆಯಾಗದು. ಥಾರ್ನ್‌ಡೈಕನ ಬೆಕ್ಕುಗಳು ಹಸಿದಿದ್ದವು. ಸ್ಕಿನ್ನರನ ಪರಂಪರೆಯ ಪ್ರಯೋಗಶಾಲೆಗಳಲ್ಲಿ ಪಾರಿವಾಳಗಳ ತೂಕವನ್ನು ಸಹಜ ತೂಕದ ಶೇಕಡಾ 80ರ ಆಸುಪಾಸಿಗೆ ಇಳಿಸಿ ಪಾಠ ಹೇಳುವುದು ರೂಢಿಯಾಗಿತ್ತು. ಹಸಿವಿನಿಂದ ಕಂಗೆಟ್ಟ ಜೀವಿಗೆ ನೀಡಿದ ಕಾಳು ಉಡುಗೊರೆಯೆನಿಸದು. ಅದು ಕಸಿದುಕೊಂಡುದನ್ನೇ ಬಿಡಿಬಿಡಿಯಾಗಿ ಹಿಂದಿರುಗಿಸಿದಂತೆ. ಅದು ಕೋಲಿಲ್ಲದ ವಧ. ನಮ್ಮ ಆಚಾರ್ಯರು ಅನ್ನಪಾನನಿರೋಧವನ್ನು ಏಟಿನ ಸಾಲಿನಲ್ಲಿಯೇ ಎಣಿಸಿದುದರ ಸೂಕ್ಷ್ಮ ಇಲ್ಲಿ ಬೆಳಗುತ್ತದೆ. ದಿನದ ಮೇವು ಪ್ರಾಣಿಯ ಹಕ್ಕು. ಪಾಠದ ಬೆಲ್ಲ ಅದರ ಮೇಲಿನದಾಗಿರಬೇಕು. ಇಂದಿನ ವಿವೇಕಿಗಳಾದ ತರಬೇತುದಾರರೂ ಇದನ್ನೇ ಹೇಳುತ್ತಾರೆ.

ಈಗ ಮತ್ತೆ ಅಖಾಡಕ್ಕೆ ಬರೋಣ. ಗದ್ದಲ, ಕೇಕೆ, ನಾಲ್ಕು ದಿಕ್ಕಿನಿಂದ ಚಾಚುವ ಕೈಗಳ ನಡುವೆ ಹೋರಿ ಮೊದಲು ಓಡುತ್ತದೆ. ಓಡಲು ದಾರಿ ಕಾಣದಾದಾಗ ಕೊಂಬು ಬೀಸುತ್ತದೆ. ಆ ಕ್ಷಣವೇ ಜನ ಚದರುತ್ತಾರೆ. ಭಯದಲ್ಲಿರುವ ಜೀವಿಗೆ ಭಯದ ಕಾರಣ ದೂರವಾಗುವುದಕ್ಕಿಂತ ಹಿರಿದಾದ ಬಹುಮಾನ ಮತ್ತೊಂದಿಲ್ಲ. ಕೊಂಬು ಬೀಸಿದರೆ ಮನುಷ್ಯ ಹಿಂದೆ ಸರಿಯುತ್ತಾನೆಂಬ ಪಾಠ ಅದರ ಮನಸ್ಸಿನಲ್ಲಿ ಅಚ್ಚಾಗುತ್ತದೆ. ಹೋರಿಯ ಕ್ರೌರ್ಯ ಹುಟ್ಟುಗುಣವೆಂದು ನಾವು ಹೇಳುತ್ತೇವೆ. ಅದನ್ನು ಬಹುಮಾನವಿತ್ತು ಕಲಿಸಿದ ಗುರುಗಳು ನಾವೇ. ಒಡೆಯನು ವರ್ಷವೆಲ್ಲ ಕೈಯಾರೆ ತಿನ್ನಿಸಿ ಕಟ್ಟಿದ ವಿಶ್ವಾಸವನ್ನು ಗುಂಪು ನಿಮಿಷಗಳಲ್ಲಿ ಕೆಡವುತ್ತದೆ. ಅದರ ಬೆಲೆಯನ್ನು ಒಮ್ಮೆ ಹೋರಿ ತೆರುತ್ತದೆ, ಒಮ್ಮೆ ಯಾವುದೋ ತಾಯಿಯ ಮಗ ತೆರುತ್ತಾನೆ.

ಇದು ಗ್ರಾಮದ ಸಂಸ್ಕೃತಿ, ಇದರಿಂದಲೇ ದೇಸಿ ತಳಿಗಳು ಉಳಿದಿವೆ ಎಂಬ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಹೋರಿಯನ್ನು ಸಾಕುವ ಮನೆಗಳಿಗೆ ಈ ಹಬ್ಬವೇ ಅಭಿಮಾನದ ಆಸರೆ. ಹೋರಿಗಳ ಸ್ಪರ್ಧೆಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಜಲ್ಲಿಕಟ್ಟು ಮತ್ತು ಬಂಡಿ ಓಟಗಳನ್ನು ನಿಷೇಧಿಸಿತು. ಬಳಿಕ ಕರ್ನಾಟಕವು 2017ರಲ್ಲಿ ಕಂಬಳ ಹಾಗೂ ಹೋರಿಗಳ ಓಟಕ್ಕೆ ಅವಕಾಶವೀಯುವ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠವು ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಕಾನೂನು ಅನುಮತಿಸಿದುದೆಲ್ಲವೂ ವ್ರತಿಗೆ ಅನುಮತವಲ್ಲ. ಕೃತ, ಕಾರಿತ, ಅನುಮೋದನ ಮೂರರಲ್ಲಿಯೂ ಕರ್ಮಬಂಧವಿದೆ. ಅಟ್ಟದ ಮೇಲೆ ಕುಳಿತು ಕೇಕೆ ಹಾಕುವವನೂ, ಬಹುಮಾನಕ್ಕೆ ದೇಣಿಗೆ ಬರೆಸುವ ವರ್ತಕನೂ ಹೊರಗುಳಿಯಲಾರರು.

ಹಬ್ಬವನ್ನು ನಿಲ್ಲಿಸೆಂದು ಹೇಳುವ ಬದಲು ಬಹುಮಾನವನ್ನು ಬದಲಿಸಿ ಎಂದು ಕೇಳಬಹುದು. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಸಿಂಗರಿಸಿ ಮೆರೆಸುವುದು ನಮಗೆ ಹೊಸತಲ್ಲ. ಮೈಕಟ್ಟಿಗೆ, ಆರೋಗ್ಯಕ್ಕೆ, ಮೂಗುದಾರ ಜಗ್ಗದೆ ಒಡೆಯನ ದನಿಗೆ ನಡೆದುಬರುವ ಸೌಮ್ಯತೆಗೆ ಮೊದಲ ಬಹುಮಾನ ಸಲ್ಲಲಿ. ಬೆದರಿದ ಹೋರಿಯನ್ನು ಮೆಚ್ಚುವ ಬದಲು ಬೆದರದ ಹೋರಿಯನ್ನು ಮೆಚ್ಚುವ ಊರು ಮುಂದಿನ ದೀಪಾವಳಿಗೆ ಬೇರೊಂದು ಬಗೆಯ ಹೋರಿಯನ್ನು ಬೆಳೆಸುತ್ತದೆ. ಏಕೆಂದರೆ ಬಹುಮಾನ ಯಾವ ವರ್ತನೆಗೆ ದೊರೆಯುತ್ತದೆಯೋ ಅದೇ ಬೆಳೆಯುತ್ತದೆ. ಈ ನಿಯಮ ಹೋರಿಗೆ ಹೇಗೋ, ಅದನ್ನು ಸುತ್ತುವರಿದು ನಿಂತ ಮನುಷ್ಯನಿಗೂ ಹಾಗೆಯೇ ಸಲ್ಲುತ್ತದೆ.