ಹೊಳೆಯ ದಂಡೆಯ ಬಿಡಾರ



ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಮಕ್ಕಳೊಡನೆ ಬಂದು ನಮ್ಮ ಮನೆಯ ಜಗಲಿಯಲ್ಲಿ ಕುಳಿತ. ಮುರುಗಲು ಹಣ್ಣಿನ ಪಾನಕ ಕುಡಿದು ಮುಗಿಸುವಷ್ಟರಲ್ಲಿಯೇ, “ಸರ್, ಶರಾವತಿಯ ಹಿನ್ನೀರಿನ ಬದಿಗೆ ಡೇರೆ ಹಾಕಿ ಒಂದು ರಾತ್ರಿ ಕಳೆಯಬೇಕೆಂದಿದ್ದೇವೆ. ನೀವೂ ಬನ್ನಿ” ಎಂದು ಕರೆದ. ಈ ವಯಸ್ಸಿನಲ್ಲಿ ನೆಲದ ಮೇಲೆ ಮಲಗಿ ಏಳುವುದು ಸುಲಭವಲ್ಲವೆಂದು ನಕ್ಕು ತಪ್ಪಿಸಿಕೊಂಡೆ. ಆದರೆ ಅವನ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಸೆಕೆಯಲ್ಲಿ, ಗುಡ್ಡಗಳ ನಡುವಣ ನೀರಿನ ದಂಡೆಯಲ್ಲಿ ಬಿಡಾರ ಹೂಡುವುದು ಹೊಸ ಸಂಗತಿಯೇನಲ್ಲ. ಆ ಹಳೆಯ ಬಿಡಾರಗಳ ಕುರಿತೂ, ನಾನೇ ಹೂಡಲು ಹೊರಟಿದ್ದ ಒಂದು ಬಿಡಾರದ ಕುರಿತೂ ಇಲ್ಲಿ ಬರೆಯುತ್ತೇನೆ.

ಇತಿಹಾಸದಲ್ಲಿ ನಮ್ಮ ಕರಾವಳಿಗೆ ಬಂದ ಪ್ರವಾಸಿಗರು ಅನೇಕರು. ಅವರು ಕಂಡದ್ದನ್ನು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಅವರು ಎಲ್ಲಿ ಮಲಗಿದರೆಂಬುದನ್ನು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಕಲಿಸಿದ ನಾನೂ ಕೇಳಿರಲಿಲ್ಲ. ನಿವೃತ್ತಿಯ ನಂತರ ಬಿಡುವಾಗಿ ಓದತೊಡಗಿದಾಗ ನನಗೆ ಹೊಳೆದ ಸಂಗತಿಯೆಂದರೆ, ಮನುಷ್ಯನು ಎಲ್ಲಿ ತಂಗುತ್ತಾನೆಯೋ ಅಲ್ಲಿಂದ ಕಾಣುವಷ್ಟನ್ನೇ ನಾಡೆಂದು ಬರೆಯುತ್ತಾನೆ ಎಂಬುದು.

ಮೊದಲನೆಯವನು ಮೊರಾಕ್ಕೊದ ಇಬ್ನ್ ಬತೂತ. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಅವನು ಅಲ್ಲಿಯ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಅತಿಥಿಗೆ ಊಟದ ಮನೆ ಕಾಣುತ್ತದೆ. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿಶುಂಠಿ, ಲಿಂಬೆ, ಮಾವು, ಕೊನೆಗೆ ಮಜ್ಜಿಗೆ ಎಂದು ಅವನು ಬಡಿಸಿದ ಕ್ರಮವನ್ನೇ ಬರೆದಿಟ್ಟಿದ್ದಾನೆ. ನಮ್ಮ ಮನೆಗಳ ಊಟದ ಕ್ರಮವನ್ನು ಬಲ್ಲವರಿಗೆ ಇದನ್ನು ಓದಿ ಸಂತೋಷವಾಗದೆ ಇರದು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುವೆಂದು ಬರೆದವನೂ ಅವನೇ. ಊರಿನೊಳಗೆ ಇದ್ದವನಿಗೆ ಊರಿನ ಶಾಲೆಗಳ ಸದ್ದು ಕೇಳಿಸಿತು. ಆದರೆ ಈ ಊರಿನವರು ಬೇಸಾಯ ಮಾಡುವುದಿಲ್ಲ, ಸಮುದ್ರವ್ಯಾಪಾರದಿಂದಲೇ ಬದುಕುತ್ತಾರೆ ಎಂದೂ ಬರೆದ. ಬಂದರಿನಿಂದಾಚೆಗಿನ ಗದ್ದೆ ತೋಟಗಳು ಅವನ ಕಣ್ಣಳವಿಗೆ ಬಂದಂತಿಲ್ಲ.

ಎರಡನೆಯವನು ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯನು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿದ. ಇಕ್ಕೇರಿಯ ಪರವಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈಯವರೂ ಅದೇ ತಂಡದಲ್ಲಿ ಮರಳುತ್ತಿದ್ದರು. ದೇಶ ನೋಡುವ ಆಸೆಯಿಂದ ಈ ಇಟಲಿಯವನು ಅವರ ಜೊತೆಗೂಡಿದ. ಆಗ ಪೋರ್ಚುಗೀಸರ ಕೋಟೆಯಿದ್ದ ಹೊನ್ನಾವರದಲ್ಲಿ ಕೆಲವು ದಿನ ನಿಂತು, ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆಗೆ ಹೋದರು. ಅಲ್ಲಿಂದ ಘಟ್ಟವೇರಿ ಇಕ್ಕೇರಿ ಸೇರಿದರು.

ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಹಾಳಾದ ರಾಜಧಾನಿಯನ್ನು. ಪೋರ್ಚುಗೀಸರು ಇಲ್ಲಿಯ ರಾಣಿಯನ್ನು ಕಾಳುಮೆಣಸಿನ ರಾಣಿಯೆಂದು ಕರೆಯುತ್ತಿದ್ದರೆಂಬುದನ್ನು ಅವನೂ ಹೇಳುತ್ತಾನೆ. ಚೆನ್ನಭೈರಾದೇವಿಯನ್ನು ನಾವು ಇಂದು ನೆನೆಯುವುದು ಆ ಹೆಸರಿನಿಂದಲೇ. ಆದರೆ ರಾಣಿಯು ಪರದೇಶದ ಸಾಮಾನ್ಯನೊಬ್ಬನಲ್ಲಿ ಅನುರಕ್ತಳಾಗಿ ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯನ್ನೂ ಅವನು ದಾಖಲಿಸಿದ್ದಾನೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅವನು ಪಯಣಿಸುತ್ತಿದ್ದುದು ಗೇರುಸೊಪ್ಪೆಯನ್ನು ಗೆದ್ದ ಇಕ್ಕೇರಿಯವರ ಪರಿವಾರದೊಡನೆ. ಗೆದ್ದವರ ಬಿಡಾರದಲ್ಲಿ ಮಲಗಿದವನಿಗೆ ಸೋತವಳ ಕಥೆ ಯಾವ ರೀತಿಯಲ್ಲಿ ಕೇಳಿಸೀತು? ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಮುಂದೆ ನಿಂತವರಿಗೆ ಆ ಅರಸುಮನೆತನವನ್ನು ಕೇವಲ ಒಂದು ಪ್ರೇಮಪ್ರಸಂಗದಿಂದ ಅಳೆಯಲು ಮನಸ್ಸಾಗುವುದಿಲ್ಲ.

ಘಟ್ಟವನ್ನು ಅವನು ತನ್ನ ನಾಡಿನ ಅಪೆನೈನ್ ಪರ್ವತಶ್ರೇಣಿಗೆ ಹೋಲಿಸಿದ್ದಾನೆ. ಮೇಲೆ, ಇಂದಿನ ಗೋವರ್ಧನಗಿರಿಯ ಕೋಟೆಯ ಬಳಿ, ತಂಡವು ಹನುಮಂತನ ದೇವಾಲಯದಲ್ಲಿ ತಂಗಿತು. ಹೊರೆಗಳನ್ನು ಸಿದ್ಧಪಡಿಸುವವರೆಗೆ ಕಾಲ ಕಳೆಯಬೇಕಾಗಿತ್ತು. ಆಗ ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನೋಡುತ್ತ ಕುಳಿತ. ನೆಲದ ಮೇಲೆ ನುಣುಪಾದ ಮರಳನ್ನು ಹರಡಲಾಗಿತ್ತು. ಒಬ್ಬ ಹುಡುಗ ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಹಾಗೆಯೇ ಹೇಳಿ ಬರೆಯುವರು. ನೆಲ ತುಂಬಿದಾಗ ಅಳಿಸಿ, ಮರಳು ಹರಡಿ, ಮತ್ತೆ ಮುಂದುವರಿಸುವರು. ಉಪಾಧ್ಯಾಯರಿಲ್ಲದಿರುವಾಗ ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಂದೇ ಪಾಠವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬುದು ಅವರ ಉತ್ತರವಾಗಿತ್ತು. ಈ ಕ್ರಮವು ಸುಲಭವೂ ಭದ್ರವೂ ಆದುದೆಂದು ಅವನು ಮೆಚ್ಚಿಕೊಂಡ.

ಮಗ್ಗಿ ತಪ್ಪಿದ ಮಕ್ಕಳಿಗೆ ಬೆತ್ತ ತೋರಿಸಿದ ದಿನಗಳು ನನ್ನ ವೃತ್ತಿಜೀವನದಲ್ಲಿಯೂ ಇವೆ. ಆ ನಾಲ್ವರು ಹುಡುಗರ ಮಾತನ್ನು ಓದಿದಾಗ ನನಗೆ ತುಸು ನಾಚಿಕೆಯಾಯಿತು. ದೆಲ್ಲಾ ವಾಲೆಯು ಅರಮನೆಯ ಕೋಣೆಯಲ್ಲಿ ಮಲಗಿದ್ದರೆ ಈ ಹುಡುಗರು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ನಮಗೂ ಅವರು ಸಿಗುತ್ತಿರಲಿಲ್ಲ.

ಮೂರನೆಯವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ನಂತರ, ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ನೆಲ, ಕಂದಾಯ, ಕಸುಬುಗಳನ್ನು ಪರಿಶೀಲಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ನೇಮಿಸಿದ್ದ. 1800ರಲ್ಲಿ ಮದರಾಸಿನಿಂದ ಹೊರಟು, 1801ರ ಆರಂಭದಲ್ಲಿ ದಕ್ಷಿಣದ ಕಡೆಯಿಂದ ಭಟ್ಕಳಕ್ಕೆ ಬಂದ. ಅಲ್ಲಿಂದ ಹೊನ್ನಾವರ, ಮಿರ್ಜಾನ್, ಗೋಕರ್ಣಗಳ ದಾರಿ ಹಿಡಿದ. ಅವನ ಗ್ರಂಥವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಸುತ್ತಲೂ ಗುಡ್ಡಗಳಿರುವ ಭಟ್ಕಳದ ಕಣಿವೆಯ ಚೆಲುವನ್ನು ಅವನು ಹೊಗಳಿದ್ದಾನೆ. ಹೈದರಾಲಿಯ ಕಾಲದಲ್ಲಿ ಯುದ್ಧನೌಕೆಗಳನ್ನು ಕಟ್ಟುತ್ತಿದ್ದ ಹೊನ್ನಾವರವು ಮುಂದೆ ಹಾಳಾಗಿ, ಅವನು ಬರುವ ಹೊತ್ತಿಗೆ ವ್ಯಾಪಾರ ಮತ್ತೆ ತಲೆಯೆತ್ತುತ್ತಿದ್ದುದನ್ನು ಬರೆದಿದ್ದಾನೆ.

ಹೊನ್ನಾವರದ ನೀರಿನ ಬಗ್ಗೆ ಅವನ ಒಂದು ಮಾತು ವಿಚಾರ ಮಾಡತಕ್ಕದ್ದು. ಊರಿನವರು ಇದನ್ನು ಹೊಳೆಯೆನ್ನುತ್ತಾರೆ, ಆದರೆ ಸರೋವರವೆಂಬುದೇ ಸರಿಯಾದ ಹೆಸರು ಎಂಬುದು ಅವನ ಅಭಿಪ್ರಾಯ. ನಡುವೆ ದ್ವೀಪಗಳಿರುವ, ಬೇಸಿಗೆಯಲ್ಲಿ ಉಪ್ಪಾಗಿ ಮಳೆಗಾಲದಲ್ಲಿ ಸಿಹಿಯಾಗುವ ಆ ವಿಶಾಲವಾದ ನೀರು ಅವನಿಗೆ ನಿಂತಂತೆ ತೋರಿತು. ಫೆಬ್ರವರಿಯ ಹೊತ್ತಿಗೆ ಹೊಳೆಯ ಸೆಳೆತ ಕಡಿಮೆಯಾಗಿ, ಭರತ ಇಳಿತಗಳು ಮಾತ್ರ ಉಳಿದಿರುತ್ತವೆ. ಒಂದೆರಡು ದಿನ ನಿಂತು ನೋಡಿದವನಿಗೆ ಅದು ಸರೋವರವೇ ಸರಿ. ಆಷಾಢದ ಕೆಂಪು ನೀರನ್ನು ಪ್ರತಿವರ್ಷ ನೋಡುವವನಿಗೆ ಅದು ಹೊಳೆ. ಬುಕಾನನ್ನನ ವಿದ್ವತ್ತು ದೊಡ್ಡದು. ಬೀಜವೆಷ್ಟು, ಫಲವೆಷ್ಟು, ತೆರಿಗೆಯೆಷ್ಟು ಎಂದು ಅವನು ಕೇಳಿ ಬರೆದುದರಿಂದ ನಮಗೆ ಅಂದಿನ ಬೇಸಾಯದ ಚಿತ್ರ ಸಿಕ್ಕಿದೆ. ಆದರೆ ಸರಕಾರದ ಕೆಲಸದ ಮೇಲೆ ಬಂದು ಮುಂದಕ್ಕೆ ಸಾಗುವ ಪ್ರವಾಸಿಗೆ ಮಳೆಗಾಲ ಕಾಣುವುದಿಲ್ಲ.

ಇನ್ನು ನನ್ನ ಕಥೆ. 1984ರ ಫೆಬ್ರವರಿಯಲ್ಲಿ ನಾನು 32 ಸ್ಕೌಟ್ ಬಾಲಕರನ್ನು ಕರೆದುಕೊಂಡು ಗೇರುಸೊಪ್ಪೆಯ ಕಡೆಗೆ ಎರಡು ರಾತ್ರಿಗಳ ಶಿಬಿರಕ್ಕೆ ಹೊರಟೆ. ಊರಿಗಿಂತ ತುಸು ಮೇಲೆ, ಹೊಳೆಯ ಬದಿಗೆ, ಹಾಸಿದಂತಹ ಮರಳದಿಣ್ಣೆಯಿತ್ತು. ಎರಡೂ ಕಡೆ ಕಾಡು, ಮುಂದೆ ತಿಳಿನೀರು, ಕೆಳಗೆ ಮೆತ್ತನೆಯ ಮರಳು. ನಡೆದು ಬೆವರಿದ ಮಕ್ಕಳು ಕುಣಿದಾಡಿದರು. ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲವೆಂದು ನಾನು ಡೇರೆಯ ಗೂಟ ಹೊಡೆಯಲು ಹೇಳಿದೆ. ಮೂರು ಕಲ್ಲಿಟ್ಟು ಒಲೆ ಹೂಡಿ ಗಂಜಿಗೆ ನೀರಿಟ್ಟೂ ಆಗಿತ್ತು.

ಆ ಹೊತ್ತಿಗೆ ದೋಣಿ ದಾಟಿಸಿಕೊಂಡು ಬಂದ ಮುದುಕರೊಬ್ಬರು ನಮ್ಮನ್ನು ನೋಡಿ ನಿಂತರು.

“ಮಾಸ್ತರೇ, ಮಕ್ಕಳನ್ನ ಇಲ್ಲಿ ಮಲಗಸಬೇಡಿ. ರಾತ್ರಿಗೆ ನೀರು ಏರ್ತದೆ.”

“ಮಳೆಯೇ ಇಲ್ಲವಲ್ಲ ಅಜ್ಜಾ, ಫೆಬ್ರವರಿ ತಿಂಗಳಲ್ಲಿ ನೀರು ಎಲ್ಲಿಂದ ಏರಬೇಕು?” ಎಂದೆ. ನನ್ನ ದನಿಯಲ್ಲಿ ಉಪಾಧ್ಯಾಯನ ಗತ್ತು ಇದ್ದಿರಬೇಕು.

ಅವರು ಬೇಸರಿಸಲಿಲ್ಲ. “ಮೇಲೆ ಕರೆಂಟಿನ ಮಷೀನು ತಿರುಗ್ತು ಅಂದ್ರೆ ಇಲ್ಲಿ ನೀರು ಬರ್ತದೆ. ಮಳೆ ಯಾಕೆ ಬೇಕು?” ಎಂದರು. ಪಕ್ಕದ ಬಂಡೆಯ ಮೇಲೆ ಮೊಳಕಾಲೆತ್ತರದಲ್ಲಿದ್ದ ಹಸಿಯ ಗುರುತನ್ನು ಬೆರಳಿಟ್ಟು ತೋರಿಸಿದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಸಂಗತಿಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಶರಾವತಿಯಿಂದ ನಾಡಿಗೆ ಬೆಳಕು ಬಂದುದನ್ನೂ, ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟುದನ್ನೂ ಹೇಳುತ್ತಿದ್ದೆ. ಆದರೆ ವಿದ್ಯುತ್ತು ಬೇಕಾದಾಗ ನೀರನ್ನು ಬಿಡುತ್ತಾರೆ, ಬಿಟ್ಟ ನೀರು ಕೆಳಗಿನ ದಂಡೆಯನ್ನು ಮುಟ್ಟುತ್ತದೆ ಎಂಬ ಸರಳವಾದ ತರ್ಕ ನನಗೆ ಹೊಳೆದಿರಲಿಲ್ಲ. ಹೊಳೆಯ ಕಾಲ ಈಗ ಪಂಚಾಂಗದಲ್ಲಿಲ್ಲ, ಯಂತ್ರದಲ್ಲಿದೆ ಎಂಬುದು ಆ ಅಂಬಿಗರಿಗೆ ತಿಳಿದಿತ್ತು.

ಗೂಟ ಕಿತ್ತೆವು. ಅವರೇ ಮುಂದಾಗಿ ನಮ್ಮನ್ನು ಮೇಲಿನ ಸಣ್ಣ ದೇವಸ್ಥಾನದ ಚಂದ್ರಶಾಲೆಗೆ ಕರೆದೊಯ್ದು ಅರ್ಚಕರಿಗೆ ಹೇಳಿದರು. ಅರ್ಚಕರ ಮನೆಯಿಂದ ಮಜ್ಜಿಗೆಯೂ ಅಪ್ಪೆಮಿಡಿ ಉಪ್ಪಿನಕಾಯಿಯೂ ಬಂದುವು. ಡೇರೆಯ ಆಸೆ ಮುರಿದ ಮಕ್ಕಳು ಮೊದಲು ಮುಖ ಊದಿಸಿಕೊಂಡರೂ ಗಂಜಿಯುಂಡು ಸಾಲಾಗಿ ಮಲಗಿದರು. ನನಗೆ ಮಾತ್ರ ನಿದ್ರೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಟಾರ್ಚು ಹಿಡಿದು ಕೆಳಗಿಳಿದೆ. ನಾವು ಹೂಡಿದ ಒಲೆಯ ಮೂರು ಕಲ್ಲುಗಳು ಕಾಣಲಿಲ್ಲ. ಅಲ್ಲಿ ನೀರು ಸದ್ದಿಲ್ಲದೆ ಹರಿಯುತ್ತಿತ್ತು. 32 ಮಕ್ಕಳ ತಂದೆತಾಯಂದಿರ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದುವು. ಆ ದಿನ ನಾನು ಯಾರಿಗೂ ಏನನ್ನೂ ಹೇಳಲಿಲ್ಲ. ಅಂಬಿಗರನ್ನು ಹುಡುಕಿ ಕೈಮುಗಿದೆ. “ಇರ್ಲಿ ಬಿಡಿ ಮಾಸ್ತರೇ, ನಿಮ್ಗೆ ಗೊತ್ತಿರ್ಲಿಲ್ಲ” ಎಂದು ಅವರು ಹುಟ್ಟು ಹಿಡಿದು ಹೊರಟರು.

ಆ ಮರಳದಿಣ್ಣೆ ಇಂದಿಲ್ಲ. ಗೇರುಸೊಪ್ಪೆಯಲ್ಲಿಯೂ ಅಣೆಕಟ್ಟು ಎದ್ದು, 2001-02ರ ಹೊತ್ತಿಗೆ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ ಕೆಲಸಮಾಡತೊಡಗಿತು. ಊರಿನ ಮೇಲ್ಭಾಗದ ಹೊಳೆ ಈಗ ನಿಜವಾಗಿಯೂ ಸರೋವರವಾಗಿದೆ. ಹೊಳೆಯನ್ನು ಸರೋವರವೆಂದು ಕರೆದ ಬುಕಾನನ್ನನ ಮಾತು ಇನ್ನೂರು ವರ್ಷಗಳ ನಂತರ ಬೇರೆ ರೀತಿಯಲ್ಲಿ ನಿಜವಾಯಿತೆನ್ನಬೇಕು. ಈಚಿನ ವರ್ಷಗಳಲ್ಲಿ ಇದೇ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರನ್ನೆತ್ತಿ, ಮತ್ತೆ ಇಳಿಸಿ 2000 ಮೆಗಾವ್ಯಾಟ್ ವಿದ್ಯುತ್ತು ಪಡೆಯುವ ಪ್ರಸ್ತಾವವು ಬಂದು, ಸಿಂಗಳೀಕಗಳಿರುವ ಕಾಡಿನ ಗತಿಯೇನೆಂಬ ಪ್ರಶ್ನೆಯೂ ಎದ್ದಿದೆ. ವಿದ್ಯುತ್ತು ಬೇಡವೆನ್ನುವಷ್ಟು ಮೂಢ ನಾನಲ್ಲ. ಈ ಬರಹವನ್ನು ನೀವು ಓದುತ್ತಿರುವುದೂ ಅದರಿಂದಲೇ. ನನ್ನ ಪ್ರಶ್ನೆ ಬೇರೆ. ನೀರಿನ ಸ್ವಭಾವ ಪ್ರತಿ ತಲೆಮಾರಿನಲ್ಲಿ ಬದಲಾದರೆ, ಅದನ್ನು ಬಲ್ಲ ಅಂಬಿಗರೂ ದಂಡೆಯಿಂದ ಸರಿದುಹೋದರೆ, ತಪ್ಪು ಜಾಗದಲ್ಲಿ ಗೂಟ ಹೊಡೆಯುವ ಮಾಸ್ತರನನ್ನು ಎಚ್ಚರಿಸುವವರು ಯಾರು?

ದೇವಾಲಯದ ಜಗಲಿಯ ಆ ನಾಲ್ವರು ಹುಡುಗರು ಹೇಳಿದ್ದು ಇದನ್ನೇ. ಎಲ್ಲರೂ ಒಂದೇ ಪಾಠವನ್ನು ಒಟ್ಟಿಗೆ ಮರೆಯಲಾರರು ಎಂಬ ನಂಬಿಕೆಯ ಮೇಲೆ ಅವರ ವಿದ್ಯೆ ನಿಂತಿತ್ತು. ಹೊರಗಿನಿಂದ ಬಂದವನು ಬರೆದಿಟ್ಟದ್ದು, ಊರಿನವನು ನೆನಪಿಟ್ಟದ್ದು, ಪುಸ್ತಕದಲ್ಲಿ ಓದಿದ್ದು, ಬಂಡೆಯ ಮೇಲಿನ ಹಸಿಯ ಗುರುತು, ಇವು ಒಂದನ್ನೊಂದು ತಿದ್ದುತ್ತಿರಬೇಕು. ಉಳಿದವರು ಎದ್ದುಹೋಗಿ ಒಬ್ಬನೇ ಕುಳಿತರೆ, ಮರಳಿನ ಮೇಲೆ ತಪ್ಪು ಬರೆದುದೂ ಸರಿಯೆಂದೇ ಉಳಿಯುತ್ತದೆ.

ನನ್ನ ವಿದ್ಯಾರ್ಥಿಗೆ ಹೊರಡುವಾಗ ಮೂರು ಮಾತು ಹೇಳಿದೆ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗಬೇಡ. ಡೇರೆಯನ್ನು ನೀರಿನ ಗುರುತಿಗಿಂತ ಬಹಳ ಮೇಲೆ ಹಾಕು. ಹಾಕುವ ಮೊದಲು ಆ ಊರಿನ ಒಬ್ಬ ಹಿರಿಯರನ್ನು ಕೇಳು. ಅವನು ಮೊಬೈಲಿನ ನಕಾಶೆಯಲ್ಲಿ ಎಲ್ಲ ಇದೆಯೆಂದು ಹೇಳಲು ಬಾಯಿ ತೆರೆದವನು, ನನ್ನ ಮುಖ ನೋಡಿ, “ಆಯಿತು ಸರ್, ಕೇಳುತ್ತೇನೆ” ಎಂದ. ಎರಡು ದಿನಗಳ ನಂತರ ಫೋನು ಮಾಡಿದ. ಅವರು ಒಬ್ಬ ರೈತರ ಮನೆಯ ಅಂಗಳದಲ್ಲಿ ಮಲಗಿದ್ದರಂತೆ. ಮಕ್ಕಳು ಹಟ್ಟಿಯ ಕರುವನ್ನು ಬಿಟ್ಟು ಬರಲು ಒಪ್ಪಲಿಲ್ಲವಂತೆ. ಕೇಳಿ ನನಗೆ ಸಮಾಧಾನವಾಯಿತು.